ಊರ ನಡುವಿನ ಬಯಲು: ಕಳೆಗಿಡ, ಅಣಬೆಗಳ ಪಟ್ಟಿ ಮಾಡುವ ಬಗೆ

ಮನೆಗಳ ನಡುವೆ ಹೇಗೋ ಉಳಿದುಕೊಂಡ ಬಯಲನ್ನು ನೋಡಿದವರು ‘ಬರೀ ಕಳೆ’ ಅಂದುಕೊಂಡು ಮುಂದೆ ಹೋಗುತ್ತಾರೆ. ಕೂತು ಎಣಿಸಿದರೆ ಆ ಬರೀ ಕಳೆಯಲ್ಲೇ ಹಲವು ಡಜನ್ ಜಾತಿಗಳು ಸಿಗುತ್ತವೆ. ಮಳೆ ಬಿದ್ದ ಮೇಲೆ ಅಣಬೆಗಳು ಬೇರೆ. ಇವನ್ನೆಲ್ಲ ಗುರುತಿಸಿ, ಇನ್ನೊಬ್ಬರು ನಂಬುವಂಥ ಪಟ್ಟಿ ಮಾಡುವುದು ಹೇಗೆ ಎಂಬುದು ಇಲ್ಲಿನ ವಿಷಯ. ಇದರಲ್ಲಿ ಹೆಸರು ಹುಡುಕುವುದು ಕೊನೆಯ ಕೆಲಸ, ಪುರಾವೆ ಕೂಡಿಡುವುದು ಮೊದಲ ಕೆಲಸ. ಹೆಸರು ತಪ್ಪಿದ್ದರೆ ಹತ್ತು ವರ್ಷ ಬಿಟ್ಟಾದರೂ ಯಾರೋ ತಿದ್ದಬಹುದು. ಎಲ್ಲಿ, ಯಾವತ್ತು, ಯಾವುದರ ಮೇಲೆ ಬೆಳೆದಿತ್ತು ಎಂದು ಬರೆಯದೆ ಬಿಟ್ಟರೆ ತಿದ್ದುವುದಕ್ಕೂ ಏನೂ ಉಳಿದಿರುವುದಿಲ್ಲ.

ಹೊರಡುವ ಮುನ್ನ

ಬಯಲು ಯಾರ ಸುಪರ್ದಿನಲ್ಲಿದೆಯೋ ಅವರನ್ನು ಕೇಳಿ. ಬರೀ ನೋಡುವುದಕ್ಕೆ ಯಾರೂ ಬೇಡ ಅನ್ನಲಿಕ್ಕಿಲ್ಲ, ಗಿಡ ಕೀಳುವುದಕ್ಕೆ ಮಾತ್ರ ಒಪ್ಪಿಗೆ ಬೇಕು. ಹುಲ್ಲು ಯಾವಾಗ ಕತ್ತರಿಸುತ್ತಾರೆ, ಕಳೆನಾಶಕ ಹೊಡೆಯುತ್ತಾರೆಯೇ ಎಂದು ಆಗಲೇ ವಿಚಾರಿಸಿಕೊಳ್ಳಿ. ಹಿಂದಿನ ದಿನ ಯಂತ್ರ ಓಡಿದ ಜಾಗದಲ್ಲಿ ಹೂವೂ ಇರುವುದಿಲ್ಲ, ತೆನೆಯೂ ಇರುವುದಿಲ್ಲ. ಎರಡೂ ಇಲ್ಲದ ಹುಲ್ಲನ್ನು ಜಾತಿಯವರೆಗೆ ಗುರುತಿಸುವುದು ಪಳಗಿದವರಿಗೂ ಕಷ್ಟ. ಬೇಲಿ ಪಕ್ಕದ ಒಂದೆರಡು ಮೀಟರ್ ಅಗಲದ ಪಟ್ಟಿಯನ್ನು ಕತ್ತರಿಸದೆ ಬಿಡಿ ಎಂದು ಕೇಳಿಕೊಂಡರೆ ಅರ್ಧ ಕೆಲಸ ಸಲೀಸು.

ಸಾಮಾನು ಹೆಚ್ಚೇನಿಲ್ಲ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಣ್ಣ ಭೂತಗನ್ನಡಿ, ಅಳತೆಪಟ್ಟಿ, ಟೇಪು, ನೋಟ್‌ಬುಕ್, ಪೆನ್ಸಿಲ್ (ಪೆನ್ನಿನ ಶಾಯಿ ಒದ್ದೆಯಾದರೆ ಹರಡುತ್ತದೆ), ಹಳೆಯ ಚಾಕು, ಹಳೆ ಪತ್ರಿಕೆಗಳು, ಕಾಗದದ ಲಕೋಟೆಗಳು, ಕೈಗವಸು. ಭೂತಗನ್ನಡಿಯನ್ನು ಗಿಡದ ಹತ್ತಿರ ಹಿಡಿದು ದೂರದಿಂದ ಬಗ್ಗಿ ನೋಡುವವರೇ ಹೆಚ್ಚು, ಅದು ತಪ್ಪು. ಕಣ್ಣಿಗೆ ತಾಗುವಷ್ಟು ಹತ್ತಿರ ಗಾಜು ಇಟ್ಟುಕೊಂಡು, ಗಿಡವನ್ನು ಗಾಜಿನ ಬಳಿಗೆ ತನ್ನಿ. ಕೈಗವಸು ಮತ್ತು ತುಂಬು ತೋಳು ಪಾರ್ಥೇನಿಯಂಗಾಗಿ. ಅದನ್ನು ಪದೇ ಪದೇ ಬರಿಗೈಲಿ ಮುಟ್ಟಿದರೆ ಕೆಲವರಿಗೆ ಚರ್ಮ ಕೆರೆದು ಗಾಯವಾಗುತ್ತದೆ, ಒಮ್ಮೆ ಅಲರ್ಜಿ ಶುರುವಾದರೆ ಸುಲಭಕ್ಕೆ ಬಿಡುವುದಿಲ್ಲ.

ಬಯಲನ್ನು ತುಂಡು ಮಾಡಿ ನೋಡುವುದು

ಬಯಲು ಒಂದೇ ಜಾಗವಲ್ಲ. ಜನ ತುಳಿದ ಕಾಲುದಾರಿ, ಕತ್ತರಿಸಿದ ಹುಲ್ಲು, ಮರದ ನೆರಳು, ಚರಂಡಿ ಅಂಚು, ಗೋಡೆ ಬುಡ, ಒಡೆದ ಕಟ್ಟಡದ ಮಣ್ಣು ಸುರಿದ ಗುಡ್ಡೆ: ಒಂದೊಂದರ ಗಿಡಗಳೂ ಬೇರೆ. ಸುಣ್ಣ, ಸಿಮೆಂಟು ಬೆರೆತ ಮಣ್ಣು ಕ್ಷಾರೀಯವಾಗಿ ಸುತ್ತಲಿನ ಮಣ್ಣಿಗಿಂತ ಬೇರೆಯದೇ ಗಿಡಗಳನ್ನು ಬೆಳೆಸುತ್ತದೆ. ಮೊದಲ ದಿನ ಒಂದು ಕಾಗದದಲ್ಲಿ ಒರಟಾಗಿ ನಕ್ಷೆ ಬರೆದು ಈ ತುಂಡುಗಳನ್ನು ಗುರುತಿಸಿ, ಒಂದೊಂದಕ್ಕೂ ಅಕ್ಷರ ಕೊಡಿ. ಪಟ್ಟಿ ಶುರುವಾಗುವುದು ಆಮೇಲೆ.

ಪ್ರತಿ ತುಂಡಿನಲ್ಲೂ ಒಂದು ಮೀಟರ್ ಚೌಕಗಳನ್ನು ಹಾಕಿ ಎಣಿಸಬೇಕು. ನಾಲ್ಕು ಗೂಟ, ನಾಲ್ಕು ಮೀಟರ್ ದಾರ ಸಾಕು. ನೈಲಾನ್ ದಾರ ಬೇಡ, ಎಳೆದಷ್ಟು ಉದ್ದವಾಗುತ್ತದೆ. ನಾಲ್ಕು ಬದಿ ಸರಿ ಇದ್ದರೂ ಚೌಕ ವಾಲಿರಬಹುದು. ಎರಡೂ ಕರ್ಣಗಳು 141 ಸೆಂಟಿಮೀಟರ್ ಬಂದರೆ ಮೂಲೆ ನೆಟ್ಟಗಿದೆ ಎಂದರ್ಥ. ಚೌಕ ಎಲ್ಲಿ ಹಾಕಬೇಕು ಎಂಬುದನ್ನು ಕಣ್ಣಿಗೆ ಬಿಡಬೇಡಿ. ಕಣ್ಣು ಹೂವಿದ್ದಲ್ಲಿಗೇ ಹೋಗುತ್ತದೆ. ಬೆನ್ನ ಹಿಂದೆ ಏನನ್ನೋ ಎಸೆದು ಬಿದ್ದಲ್ಲಿ ಚೌಕ ಹಾಕುವ ಹಳೇ ರೂಢಿಯೂ ನಿಜವಾದ ಆಯ್ಕೆಯಲ್ಲ, ಎಸೆಯುವ ಕೈ ಪೊದೆಯನ್ನು ತಾನಾಗಿ ತಪ್ಪಿಸುತ್ತದೆ. ತುಂಡಿನ ಒಂದು ಮೂಲೆಯಲ್ಲಿ ನಿಂತು, ಫೋನಿನಲ್ಲಿ ಎರಡು ಯಾದೃಚ್ಛಿಕ ಸಂಖ್ಯೆ ತೆಗೆದು, ಮೊದಲನೆಯದರಷ್ಟು ಹೆಜ್ಜೆ ಉದ್ದಕ್ಕೆ, ಎರಡನೆಯದರಷ್ಟು ಅಡ್ಡಕ್ಕೆ ನಡೆಯಿರಿ. ಕಾಲು ನಿಂತಲ್ಲಿ ಚೌಕದ ಎಡಮೂಲೆ. ಅಲ್ಲಿ ಬರೀ ಮಣ್ಣಿದ್ದರೆ ಬರೀ ಮಣ್ಣು ಅಂತಲೇ ಬರೆಯಿರಿ, ಪಕ್ಕಕ್ಕೆ ಸರಿಯಬೇಡಿ.

ಎಷ್ಟು ಚೌಕ? ಒಂದೊಂದು ತುಂಡಿಗೆ ಐದರಿಂದ ಶುರು ಮಾಡಿ. ಪ್ರತಿ ಚೌಕದಲ್ಲಿ ಹೊಸದಾಗಿ ಎಷ್ಟು ಜಾತಿ ಸೇರಿತು ಎಂದು ಬರೆಯುತ್ತಾ ಹೋಗಿ. ಸತತ ಮೂರು ಚೌಕಗಳಲ್ಲಿ ಹೊಸದೇನೂ ಸಿಗದಿದ್ದರೆ ಆ ತುಂಡಿಗೆ ಅಷ್ಟು ಸಾಕು.

ಚೌಕದೊಳಗೆ ಒಂದೊಂದು ಜಾತಿ ಎಷ್ಟು ನೆಲ ಮುಚ್ಚಿದೆ ಎಂದು ಅಂದಾಜಿಸುವಾಗ ಎಲ್ಲರೂ ಎಡವುತ್ತಾರೆ. ಹೂವಿನ ಗಿಡಕ್ಕೆ ಹೆಚ್ಚು, ತೆಳು ಹುಲ್ಲಿಗೆ ಕಡಿಮೆ ಹಾಕುವುದು ಮನುಷ್ಯರ ಸ್ವಭಾವ. ರಟ್ಟಿನಲ್ಲಿ ಎರಡು ತುಂಡು ಕತ್ತರಿಸಿಟ್ಟುಕೊಳ್ಳಿ: 10×10 ಸೆಂ.ಮೀ. ತುಂಡು ಚೌಕದ ಶೇಕಡಾ 1, ಬದಿಗೆ 22.4 ಸೆಂ.ಮೀ. ಇರುವ ತುಂಡು ಶೇಕಡಾ 5. ಗಿಡದ ಮೇಲೆ ಅದನ್ನು ಹಿಡಿದು ನೋಡಿ, ಆಮೇಲೆ ಸಂಖ್ಯೆ ಬರೆಯಿರಿ. ಎಲ್ಲ ಜಾತಿಗಳದ್ದು ಕೂಡಿಸಿದರೆ ನೂರು ದಾಟಬಹುದು. ಅದು ಲೆಕ್ಕದ ತಪ್ಪಲ್ಲ, ಒಂದರ ಮೇಲೊಂದು ಹಬ್ಬಿರುತ್ತವೆ. ಶೇಕಡಾವಾರು ತಲೆನೋವು ಅನಿಸಿದರೆ ಇದೆ, ಇಲ್ಲ ಎಂದಷ್ಟೇ ಬರೆಯಿರಿ: 20 ಚೌಕಗಳಲ್ಲಿ 17ರಲ್ಲಿ ಗರಿಕೆ ಇದ್ದರೆ ಅದರ ಆವರ್ತನ ಶೇಕಡಾ 85. ಇಬ್ಬರು ಬೇರೆ ಬೇರೆ ಎಣಿಸಿದರೂ ಈ ಸಂಖ್ಯೆ ಹೆಚ್ಚು ಕದಲುವುದಿಲ್ಲ. ಹೊಸಬರಿಗೆ ಇದೇ ವಾಸಿ.

ಚೌಕದಲ್ಲಿ ಬೀಳದ ಗಿಡಗಳು ಯಾವಾಗಲೂ ಇರುತ್ತವೆ. ಕೊನೆಯಲ್ಲಿ ಇಡೀ ತುಂಡನ್ನು ಅರ್ಧ ಗಂಟೆ ಸುತ್ತಿ ಅವನ್ನು ಬೇರೆ ಪಟ್ಟಿಯಲ್ಲಿ ಸೇರಿಸಿ. ಎಷ್ಟು ಹೊತ್ತು ಹುಡುಕಿದಿರಿ ಎಂದು ಬರೆಯದ ಪಟ್ಟಿಯನ್ನು ಇನ್ನೊಂದು ವರ್ಷದ ಪಟ್ಟಿಯ ಜೊತೆ ಹೋಲಿಸಲು ಬರುವುದಿಲ್ಲ.

ಗಿಡದ ಗುರುತು: ಕೈಯಲ್ಲಿ ಹಿಡಿದು ನೋಡಬೇಕಾದ್ದು

ಎಲೆಯ ಬಣ್ಣ, ಗಿಡದ ಎತ್ತರ ಇವೆರಡನ್ನು ನಂಬಬೇಡಿ. ತುಳಿತ, ನೆರಳು, ನೀರು ಎರಡನ್ನೂ ಬದಲಿಸುತ್ತವೆ. ಎಲೆಗಳು ಎದುರುಬದುರಾಗಿವೆಯೋ ಒಂದಾದ ಮೇಲೊಂದಾಗಿವೆಯೋ, ಮುರಿದರೆ ಹಾಲು ಬರುತ್ತದೆಯೇ, ಕಾಂಡ ದುಂಡಗಿದೆಯೋ ಮೂಲೆಯಾಗಿದೆಯೋ, ಹೂವು ಎಲ್ಲಿಂದ ಹೊರಟಿದೆ: ಈ ನಾಲ್ಕನ್ನು ಮೊದಲು ಬರೆದರೆ ಹುಡುಕುವ ಜಾಗ ಬಹಳ ಕಿರಿದಾಗುತ್ತದೆ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಬೆಚ್ಚಗಿನ ಹವೆಯ ಬಯಲುಗಳಲ್ಲಿ ನೆಲನೆಲ್ಲಿ ಮತ್ತು ಅಚ್ಚೆಗಿಡ ಅಕ್ಕಪಕ್ಕದಲ್ಲೇ ಬೆಳೆಯುತ್ತವೆ, ಎರಡೂ ಗೇಣೆತ್ತರದವು. ಚಿಗುರು ಮುರಿಯಿರಿ. ಅಚ್ಚೆಗಿಡದಲ್ಲಿ, ಅಂದರೆ ಯೂಫೋರ್ಬಿಯಾ ಹಿರ್ಟಾದಲ್ಲಿ, ಕೂಡಲೇ ಬಿಳಿ ಹಾಲು ಬರುತ್ತದೆ. ಆ ಕೈಯಲ್ಲಿ ಕಣ್ಣು ಉಜ್ಜಬಾರದು, ಉರಿಯುತ್ತದೆ. ಎಲೆಗಳು ಎದುರುಬದುರು, ಕಾಂಡದ ತುಂಬ ರೋಮ, ಹೂಗೊಂಚಲು ಎಲೆಯ ಕಂಕುಳಲ್ಲಿ ಉಂಡೆಯಾಗಿ ಕೂತಿರುತ್ತದೆ. ನೆಲನೆಲ್ಲಿಯಲ್ಲಿ ಹಾಲಿಲ್ಲ. ಅದರ ಪಕ್ಕದ ಕಡ್ಡಿ ನೋಡಿದರೆ ಹುಣಸೆ ಎಲೆಯಂತೆ ಒಂದೇ ಸಂಯುಕ್ತ ಎಲೆ ಅನಿಸುತ್ತದೆ. ತಿರುಗಿಸಿ ನೋಡಿ: ಒಂದೊಂದು ಪುಟ್ಟ ಎಲೆಯ ಬುಡದಲ್ಲೂ ಹೂವೋ ಕಾಯಿಯೋ ಇದೆ. ಸಂಯುಕ್ತ ಎಲೆಯ ಕಿರುಎಲೆಗಳ ಬುಡದಲ್ಲಿ ಹೂ ಹುಟ್ಟುವುದಿಲ್ಲ, ಹಾಗಾಗಿ ಇವು ಪೂರ್ಣ ಎಲೆಗಳೇ, ಕಡ್ಡಿ ಒಂದು ಕವಲು. ಇನ್ನೂ ಒಂದು ಮೆಟ್ಟಿಲು ಇದೆ. ಕಾಯಿ ನುಣುಪಾಗಿ, ಸಣ್ಣ ತೊಟ್ಟಿನಿಂದ ಜೋತಿದ್ದರೆ ಫಿಲಾಂಥಸ್ ಅಮಾರಸ್. ಕಾಯಿ ಒರಟಾಗಿ, ತೊಟ್ಟಿಲ್ಲದಂತೆ ಕಡ್ಡಿಗೇ ಅಂಟಿದ್ದರೆ ಫಿಲಾಂಥಸ್ ಯುರಿನೇರಿಯಾ. ಮೇಲಿನಿಂದ ತೆಗೆದ ಫೋಟೋದಲ್ಲಿ ಇದ್ಯಾವುದೂ ಕಾಣುವುದಿಲ್ಲ.

ಹುಲ್ಲುಗಳಲ್ಲಿ ಮೊದಲ ಪರೀಕ್ಷೆ ಬೆರಳಿನದು. ಕಾಂಡವನ್ನು ಹೆಬ್ಬೆರಳು, ತೋರುಬೆರಳ ನಡುವೆ ಹೊರಳಿಸಿ. ಮೂರು ಮೂಲೆ ತಾಗಿದರೆ, ಗಿಣ್ಣು ಇಲ್ಲದಿದ್ದರೆ ಅದು ಹುಲ್ಲೇ ಅಲ್ಲ, ಜೇಕಿನ ಬಳಗ. ದುಂಡಗೋ ಚಪ್ಪಟೆಯೋ ಇದ್ದು ಗಿಣ್ಣು ಇದ್ದರೆ ಹುಲ್ಲು. ತುಳಿದ ದಾರಿಯಲ್ಲಿ ಬೆರಳು ಬಿಡಿಸಿದಂಥ ತೆನೆಯ ಮೂರು ಹುಲ್ಲುಗಳು ಒಟ್ಟೊಟ್ಟಿಗೆ ಇರುತ್ತವೆ. ಗರಿಕೆಯ ತೆಳು ಬೆರಳುಗಳು ಒಂದೇ ಬಿಂದುವಿನಿಂದ ಹೊರಡುತ್ತವೆ, ಬಳ್ಳಿ ನೆಲದ ಮೇಲೂ ಒಳಗೂ ಹರಿದಿರುತ್ತದೆ. ಎಲ್ಯುಸಿನ್ ಇಂಡಿಕಾ, ರಾಗಿಯ ಹತ್ತಿರದ ಬಂಧು, ಹರಿಯುವುದಿಲ್ಲ. ಬುಡ ಬಿಳಿಚಾಗಿ ಚಪ್ಪಟೆಯಾಗಿ, ಗಟ್ಟಿ ತೆಂಡೆಯಾಗಿ ಕೂತಿರುತ್ತದೆ, ತೆನೆಯ ಒಂದು ಬೆರಳು ಹಲವು ಸಲ ಉಳಿದವಕ್ಕಿಂತ ಕೆಳಗಿಂದ ಹೊರಟಿರುತ್ತದೆ. ಡ್ಯಾಕ್ಟಿಲಾಕ್ಟೀನಿಯಂ ಈಜಿಪ್ಟಿಯಂನ ಬೆರಳುಗಳು ಗಿಡ್ಡ, ದಪ್ಪ. ತುದಿಯಲ್ಲಿ ಕಾಳಿಲ್ಲದ ಬೋಳು ಮೊನೆ ಚಾಚಿರುತ್ತದೆ. ಗಾಜಿನಡಿ ಆ ಮೊನೆ ಕಂಡರೆ ಬೇರೆ ಯೋಚನೆಯೇ ಬೇಡ.

ಊರ ಹೆಸರನ್ನು ತಪ್ಪದೆ ಬರೆಯಿರಿ, ಆದರೆ ಅದೊಂದನ್ನೇ ಬರೆಯಬೇಡಿ. ‘ಬ್ರಾಹ್ಮಿ’ ಎಂದರೆ ಒಬ್ಬರಿಗೆ ಒಂದೆಲಗ, ಅಂದರೆ ಸೆಂಟೆಲ್ಲಾ ಏಷಿಯಾಟಿಕಾ. ಇನ್ನೊಬ್ಬರಿಗೆ ಬಕೋಪಾ ಮೊನಿಯೇರಿ. ಎರಡೂ ಒದ್ದೆ ನೆಲದವು, ಸಂಬಂಧವಿಲ್ಲದ ಕುಟುಂಬದವು. ವೈಜ್ಞಾನಿಕ ಹೆಸರಿನಲ್ಲೂ ಇನ್ನೊಂದು ಗುಂಡಿ ಇದೆ: ಹಳೇ ಪುಸ್ತಕದ ಯುಪಟೋರಿಯಂ ಒಡೊರೇಟಂ ಈಗಿನ ಕ್ರೋಮೊಲೀನಾ ಒಡೊರೇಟಾ, ಹಿಂದಿನ ಕ್ಯಾಸಿಯಾ ಟೋರಾ ಈಗ ಸೆನ್ನಾ ಟೋರಾ. ಎರಡು ಪುಸ್ತಕ ನೋಡಿ ಪಟ್ಟಿ ಮಾಡಿದವರು ಒಂದೇ ಗಿಡವನ್ನು ಎರಡು ಸಲ ಎಣಿಸಿಕೊಂಡು ಸಂಖ್ಯೆ ಹೆಚ್ಚಾಯಿತೆಂದು ಖುಷಿಪಡುತ್ತಾರೆ.

ಪ್ರತಿ ಹೆಸರಿನ ಮುಂದೆ ತಾನಾಗಿ ಹುಟ್ಟಿದ್ದು, ನೆಟ್ಟದ್ದು, ನೆಟ್ಟದ್ದರಿಂದ ಬೀಜ ಸಿಡಿದು ಹರಡಿದ್ದು ಎಂದು ಮೂರರಲ್ಲಿ ಒಂದು ಗುರುತು ಹಾಕಿ. ಊರಿನ ಬಯಲಿನಲ್ಲಿ ಇದು ಬಹಳ ಮುಖ್ಯ.

ಮಾದರಿ ಒತ್ತುವುದು

ಸಂದೇಹ ಉಳಿದ ಗಿಡಗಳನ್ನು ಒತ್ತಿ ಇಡಿ. ಸುತ್ತ ಅದೇ ಜಾತಿಯ ಇಪ್ಪತ್ತು ಗಿಡಗಳಾದರೂ ಇದ್ದರೆ ಮಾತ್ರ ಒಂದನ್ನು ಕೀಳಬಹುದು. ಬೇರು, ಹೂವು, ಕಾಯಿ ಮೂರೂ ಇರುವ ಗಿಡ ಆರಿಸಿ, ಮಣ್ಣು ಕೊಡವಿ, ಪತ್ರಿಕೆಯ ಮಡಿಕೆಯಲ್ಲಿ ಹರಡಿ. ಒಂದೆರಡು ಎಲೆಗಳನ್ನು ಮಗುಚಿ ಹಿಂಬದಿ ಕಾಣುವಂತೆ ಇಡಿ. ಒಣಗಿದ ಮೇಲೆ ಮಗುಚಲು ಹೋದರೆ ಮುರಿಯುತ್ತದೆ. ಉದ್ದ ಹುಲ್ಲನ್ನು ಅಂಕುಡೊಂಕಾಗಿ ಮಡಚಿ. ಮೇಲೆ ರಟ್ಟು, ಭಾರವಾದ ಪುಸ್ತಕ. ಮೊದಲ ಮೂರು ನಾಲ್ಕು ದಿನ ದಿನವೂ ಕಾಗದ ಬದಲಿಸಲೇಬೇಕು. ಮಾದರಿ ಕಪ್ಪಾಗುವುದು, ಬೂಸ್ಟು ಹಿಡಿಯುವುದು ಹೆಚ್ಚಾಗಿ ಇದನ್ನು ಮರೆತದ್ದರಿಂದಲೇ. ಕೆನ್ನೆಗೆ ಒತ್ತಿಕೊಂಡರೆ ತಣ್ಣಗೆ ತಾಗುವ ಮಾದರಿ ಇನ್ನೂ ಒಣಗಿಲ್ಲ.

ಒಣಗಿದ್ದನ್ನು 42×28 ಸೆಂ.ಮೀ. ಸುಮಾರಿನ ದಪ್ಪ ಹಾಳೆಗೆ ಕಾಗದದ ಪಟ್ಟಿಗಳಿಂದ ಅಂಟಿಸಿ. ಹುಳ ಸಾಯಲು ಗಾಳಿಯಾಡದ ಚೀಲದಲ್ಲಿಟ್ಟು ಮನೆಯ ಫ್ರೀಜರಿನಲ್ಲಿ ಎರಡು ವಾರ ಬಿಡಿ. ಹೊರತೆಗೆದ ತಕ್ಷಣ ಚೀಲ ಬಿಚ್ಚಬೇಡಿ, ತಣ್ಣನೆಯ ಹಾಳೆಯ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಒಂದು ರಾತ್ರಿ ಹಾಗೇ ಇಟ್ಟು ಆಮೇಲೆ ತೆಗೆಯಿರಿ. ಚೀಟಿಯಲ್ಲಿ ಸಂಖ್ಯೆ, ದಿನಾಂಕ, ಜಾಗ, ಬೆಳೆದಿದ್ದ ನೆಲ, ಎತ್ತರ ಮತ್ತು ಹೂವಿನ ಬಣ್ಣ ಇರಲಿ. ಬಣ್ಣ ಒತ್ತಿದ ಮೇಲೆ ಉಳಿಯುವುದಿಲ್ಲ.

ಅಣಬೆಗಳಿಗೆ ಬೇರೆ ದಾರಿ

ಚೌಕ ಹಾಕಿ ಅಣಬೆ ಎಣಿಸಲು ಹೋಗಬೇಡಿ. ಕಾಣುವ ಕೊಡೆ ಹಣ್ಣಿದ್ದಂತೆ, ನಿಜವಾದ ಜೀವಿ ಮಣ್ಣಿನಲ್ಲೋ ಮರದಲ್ಲೋ ಎಳೆಎಳೆಯಾಗಿ ಹರಡಿರುತ್ತದೆ. ಅಣಬೆ ಇಲ್ಲದ ದಿನ ಶಿಲೀಂಧ್ರ ಇಲ್ಲ ಅಂತಲ್ಲ. ಒಂದೇ ಹಾದಿ ಗೊತ್ತು ಮಾಡಿಕೊಂಡು, ವಾರಕ್ಕೊಮ್ಮೆ ಅರ್ಧ ಗಂಟೆ ನಡೆಯಿರಿ. ಜೋರು ಮಳೆಯ ನಂತರದ ಹತ್ತು ದಿನಗಳಲ್ಲಿ ಎರಡು ಮೂರು ಸಲ ಹೋಗಿ, ಅದೂ ಬೆಳಿಗ್ಗೆ. ಪ್ಯಾರಾಸೋಲಾದಂಥ ತೆಳು ಅಣಬೆಗಳು ನಸುಕಿನಲ್ಲಿ ಬಿಚ್ಚಿಕೊಂಡು ಬಿಸಿಲೇರುವಷ್ಟರಲ್ಲಿ ಮುದುಡುತ್ತವೆ.

ಮರದ ಬೊಡ್ಡೆ, ಕೊಳೆಯುತ್ತಿರುವ ತೊಗಟೆ ಪುಡಿ ಹಾಸಿದ ಪಾತಿ, ಸಗಣಿ, ಗೆದ್ದಲು ಹುತ್ತ ಇವೆಲ್ಲ ನೋಡಲೇಬೇಕಾದವು. ಹುಲ್ಲಿನ ನಡುವೆ ಸಾಲಾಗಿ ಎದ್ದ ಅಣಬೆಗಳ ಕೆಳಗೆ ಹಲವು ಸಲ ಕಡಿದ ಮರದ ಹೂತ ಬೇರು ಇರುತ್ತದೆ. ಉಂಗುರವಾಗಿ ಎದ್ದರೆ ಶಿಲೀಂಧ್ರ ನಡುವಿನಿಂದ ಹೊರಕ್ಕೆ ಬೆಳೆಯುತ್ತಿದೆ ಎಂದರ್ಥ. ಅದು ಮಣ್ಣಿನ ಸಾವಯವ ವಸ್ತುವನ್ನು ಕೊಳೆಸಿ ಸಾರಜನಕ ಬಿಡುಗಡೆ ಮಾಡುವುದರಿಂದ ಅಂಚಿನ ಹುಲ್ಲು ಗಾಢ ಹಸಿರಾಗಿರುತ್ತದೆ. ರಾತ್ರೋರಾತ್ರಿ ಕಾಣಿಸಿಕೊಂಡ ಹಳದಿ ನೊರೆಯಂಥದ್ದು ಫುಲಿಗೋ ಸೆಪ್ಟಿಕಾ ಇರಬಹುದು. ಅದು ಲೋಳೆಬೂಸ್ಟು, ಶಿಲೀಂಧ್ರವೇ ಅಲ್ಲ, ಬೇರೆ ಪಟ್ಟಿಗೆ ಹಾಕಿ.

ಅಣಬೆಯನ್ನು ಹಿಡಿದು ಎಳೆಯಬೇಡಿ, ಚಾಕುವಿನಿಂದ ಬುಡದ ಸುತ್ತ ಮಣ್ಣು ಬಿಡಿಸಿ ಎತ್ತಿ. ಕಾಲಿನ ಬುಡಕ್ಕೆ ಸುತ್ತಿದ ಚೀಲ ಅಮನೀಟಾದಂಥ ಮಾರಕ ಅಣಬೆಗಳ ಮುಖ್ಯ ಗುರುತು. ಎಳೆದರೆ ಅದು ಮಣ್ಣಿನಲ್ಲೇ ಉಳಿದುಬಿಡುತ್ತದೆ. ಕೀಳುವ ಮುನ್ನ ಮೇಲಿಂದ, ಪಕ್ಕದಿಂದ ಫೋಟೋ. ಕಿತ್ತ ಮೇಲೆ ಕೊಡೆಯ ಅಡಿ, ಬುಡ, ಉದ್ದಕ್ಕೆ ಸೀಳಿದ ಅರ್ಧ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಸೀಳಿದಲ್ಲಿ ಬಣ್ಣ ತಿರುಗಿತೇ, ವಾಸನೆ ಏನು ಎಂಬುದನ್ನು ಅಲ್ಲೇ ಬರೆಯಿರಿ. ಕಾಗದದಲ್ಲಿ ಸುತ್ತಿ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವೆತು ಮನೆ ಮುಟ್ಟುವಷ್ಟರಲ್ಲಿ ಗೊಜ್ಜಾಗಿರುತ್ತದೆ.

ಮನೆಯಲ್ಲಿ ಮೊದಲ ಕೆಲಸ ಬೀಜಕದ, ಅಂದರೆ ಅಣಬೆ ಉದುರಿಸುವ ಬೀಜದಂಥ ನುಣ್ಣನೆ ಪುಡಿಯ, ಅಚ್ಚು ತೆಗೆಯುವುದು:

1. ಪೂರ್ತಿ ಬಿಚ್ಚಿಕೊಂಡ, ಆದರೆ ಬಾಡದ ಕೊಡೆ ಆರಿಸಿ. ಮೊಗ್ಗಿನಂತಿರುವುದು ಬೀಜಕ ಉದುರಿಸುವುದಿಲ್ಲ. ಮಳೆನೀರು ಕುಡಿದು ಊದಿಕೊಂಡದ್ದೂ ಅಷ್ಟೇ.
2. ಕಾಲನ್ನು ಕೊಡೆಯ ಮಟ್ಟಕ್ಕೆ ಕತ್ತರಿಸಿ, ಗಿಲ್ಲುಗಳು (ಕೊಡೆಯ ಅಡಿಯ ತೆಳು ಪದರಗಳು) ಕೆಳಮುಖವಾಗಿ ಪಾರದರ್ಶಕ ಗಾಜಿನ ಮೇಲಿಡಿ. ಬಿಳಿ ಕಾಗದದ ಮೇಲೆ ಬಿಳಿ ಬೀಜಕ ಕಾಣುವುದಿಲ್ಲ. ಗಾಜಾದರೆ ಆಮೇಲೆ ಕಪ್ಪು, ಬಿಳಿ ಎರಡರ ಮೇಲೂ ಇಟ್ಟು ನೋಡಬಹುದು.
3. ಕೊಡೆಯ ನೆತ್ತಿಗೆ ಒಂದು ಹನಿ ನೀರು ಬಿಟ್ಟು ಮೇಲೆ ಲೋಟ ಕವುಚಿ. ಗಾಳಿ ಆಡಿದರೆ ಬೀಜಕ ಚದುರುತ್ತದೆ.
4. ಆರರಿಂದ ಹನ್ನೆರಡು ಗಂಟೆ ಅಲುಗಿಸಬೇಡಿ.
5. ಬಿದ್ದ ಪುಡಿಯನ್ನು ಬ್ಲೇಡಿನಿಂದ ಒಂದೆಡೆ ಗುಡ್ಡೆ ಮಾಡಿ, ಹಗಲು ಬೆಳಕಿನಲ್ಲಿ ಬಣ್ಣ ನೋಡಿ. ತೆಳು ಪದರದಲ್ಲಿ ನಸುಗೆಂಪು ಕೂಡ ಬಿಳಿಯಂತೆ ಕಾಣುತ್ತದೆ.

ಬಿಳಿಯಾದರೆ ಅಮನೀಟಾ, ಲೆಪಿಯೋಟಾ ಇತ್ಯಾದಿ. ನಸುಗೆಂಪಾದರೆ ವೊಲ್ವೇರಿಯೆಲ್ಲಾ, ಎಂಟೊಲೋಮಾ ಅಥವಾ ಗೆದ್ದಲು ಹುತ್ತದ ಟರ್ಮಿಟೊಮೈಸಿಸ್. ಚಾಕೊಲೇಟ್ ಕಂದಾದರೆ ಅಗಾರಿಕಸ್. ತುಕ್ಕಿನ ಬಣ್ಣವಾದರೆ ಕೊನೊಸೈಬಿ, ಗ್ಯಾಲರಿನಾ. ಕಪ್ಪಾದರೆ ಪ್ಯಾರಾಸೋಲಾ, ಕೊಪ್ರಿನೆಲ್ಲಸ್ ಬಳಗ. ಹಸಿರು ಬಂದರೆ ಬಹುತೇಕ ಕ್ಲೋರೊಫಿಲ್ಲಂ ಮೊಲಿಬ್ಡೈಟಿಸ್. ಬೆಚ್ಚಗಿನ ಊರುಗಳ ಹುಲ್ಲುಹಾಸಿನಲ್ಲಿ ತಟ್ಟೆಯಗಲ ಬೆಳೆಯುವ, ಬಿಳಿ ಮೈಮೇಲೆ ಕಂದು ಚಕ್ಕೆಗಳಿರುವ, ಕಾಲಿನ ಮೇಲೆ ಉಂಗುರವಿರುವ ಅಣಬೆ ಇದು. ಎಳೆಯದರಲ್ಲಿ ಗಿಲ್ಲುಗಳು ಹಾಲಿನಷ್ಟು ಬಿಳಿ, ಹಸಿರು ಛಾಯೆ ಬರುವುದು ಬಲಿತ ಮೇಲೆ. ಎಳೆಯದನ್ನು ಕಂಡು ಒಳ್ಳೇ ಅಣಬೆ ಎಂದು ತಿಂದವರು ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿಯಿಂದ ಆಸ್ಪತ್ರೆ ಸೇರುತ್ತಾರೆ.

ತಿನ್ನುವ ವಿಷಯ ಬಂದದ್ದರಿಂದ ಇದನ್ನೂ ಹೇಳಿಬಿಡಬೇಕು. ಈ ಮಾರ್ಗದರ್ಶಿ ಪಟ್ಟಿಗೆ, ತಟ್ಟೆಗಲ್ಲ. ಬೆಳ್ಳಿ ಚಮಚ ಕಪ್ಪಾಗುವುದು, ಹುಳ ತಿಂದದ್ದು ವಿಷವಲ್ಲ, ಬೇಯಿಸಿದರೆ ವಿಷ ಹೋಗುತ್ತದೆ ಎಂಬುದೆಲ್ಲ ಸುಳ್ಳು. ಅಮನೀಟಾದ ಅಮಾಟಾಕ್ಸಿನ್ ಬೇಯಿಸಿದರೂ ಒಣಗಿಸಿದರೂ ಹಾಗೇ ಉಳಿಯುತ್ತದೆ. ತಿಂದ ಆರು ಗಂಟೆಗಳವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಏನೂ ಗೊತ್ತಾಗುವುದಿಲ್ಲ. ವಾಂತಿ ಭೇದಿ ಆಗಿ ನಿಂತು ವಾಸಿಯಾಯಿತು ಅನಿಸಿದ ಹೊತ್ತಿನಲ್ಲೇ ಯಕೃತ್ತು ಹಾಳಾಗುತ್ತಿರುತ್ತದೆ. ಯಾರಾದರೂ ತಿಂದದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ, ಉಳಿದ ಅಣಬೆಯ ಸಮೇತ ಆಸ್ಪತ್ರೆಗೆ ಹೋಗಬೇಕು. ಬಯಲಿನ ಸೊಪ್ಪೂ ನಂಬಿಕೆಯದ್ದಲ್ಲ: ಕಳೆನಾಶಕ, ನಾಯಿಗಳ ಉಚ್ಚೆ, ರಸ್ತೆ ಪಕ್ಕದ ಮಣ್ಣಿನ ಸೀಸ ಎಲೆಯ ಮೇಲೆ ಕಾಣುವುದಿಲ್ಲ.

ಮರಕ್ಕೆ ಅಂಟಿದ ಗಟ್ಟಿ ಅಣಬೆಗಳನ್ನು ಒಡೆಯದೆ ಫೋಟೋ ತೆಗೆದು ಬಿಡಿ. ಜೀವಂತ ಮರದ ಬುಡದಲ್ಲಿ ಗ್ಯಾನೊಡರ್ಮಾ ಕಂಡರೆ ಬಯಲು ನೋಡಿಕೊಳ್ಳುವವರಿಗೆ ತಿಳಿಸಿ; ಅದು ಬುಡದ ಕಟ್ಟಿಗೆ ಕೊಳೆಸುತ್ತದೆ, ಮರ ಎಲೆ ಹೊತ್ತು ಚೆನ್ನಾಗಿ ಕಾಣುತ್ತಿರುವಾಗಲೇ ಬೀಳಬಹುದು. ಒಣ ಕೊಂಬೆಯ ಮೇಲಿನ ಸ್ಕಿಜೊಫಿಲ್ಲಂ ಕಮ್ಯೂನ್ ಬಗ್ಗೆ ಅಷ್ಟು ಚಿಂತೆ ಬೇಡ. ಬೂದುಬಿಳಿ ಬೀಸಣಿಗೆಯಂತಿರುವ ಅದರ ಗಿಲ್ಲುಗಳು ಉದ್ದಕ್ಕೆ ಸೀಳಿಕೊಂಡು, ಒಣಗಿದಾಗ ಒಳಕ್ಕೆ ಸುರುಳಿಯಾಗಿ, ಮಳೆ ಬಂದಾಗ ಮತ್ತೆ ಬಿಚ್ಚಿಕೊಳ್ಳುತ್ತವೆ.

ಇಡಬೇಕಾದ ಅಣಬೆಯನ್ನು ಸೀಳಿ, 40ರಿಂದ 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿ ಆಡುವಂತೆ, ಮುರಿದರೆ ಚಟ್ಟೆನ್ನುವಷ್ಟು ಒಣಗಿಸಿ. ಹೆಚ್ಚು ಶಾಖದಲ್ಲಿ ಅದು ಬೇಯುತ್ತದೆಯೇ ಹೊರತು ಒಣಗುವುದಿಲ್ಲ. ಬೀಜಕದ ಅಚ್ಚು, ಸಿಲಿಕಾ ಜೆಲ್ ಪೊಟ್ಟಣ, ಚೀಟಿ ಎಲ್ಲವನ್ನೂ ಒಂದೇ ಗಾಳಿಯಾಡದ ಚೀಲದಲ್ಲಿಡಿ.

ಆ್ಯಪ್ ಹೇಳುವ ಹೆಸರು

ಐನ್ಯಾಚುರಲಿಸ್ಟ್‌ನಂಥ ಆ್ಯಪ್‌ಗಳು ಹೂಬಿಟ್ಟ ಸಾಮಾನ್ಯ ಗಿಡಗಳಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಸಸಿ, ಹುಲ್ಲು, ಕಂದು ಬಣ್ಣದ ಸಣ್ಣ ಅಣಬೆ ಈ ಮೂರರಲ್ಲಿ ಬಹಳ ತಪ್ಪುತ್ತವೆ. ಅಲ್ಲಿ ‘ಸಂಶೋಧನಾ ದರ್ಜೆ’ ಎಂಬ ಮುದ್ರೆ ಬೀಳಲು ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚಿನವರು ಒಪ್ಪಬೇಕು. ಇಬ್ಬರೇ ಇದ್ದು ಇಬ್ಬರೂ ಆ್ಯಪ್ ಸೂಚಿಸಿದ್ದನ್ನೇ ಒತ್ತಿದ್ದರೂ ಮುದ್ರೆ ಬೀಳುತ್ತದೆ. ಹಾಗಾಗಿ ಅದನ್ನು ಅಂತಿಮ ತೀರ್ಪು ಅಂದುಕೊಳ್ಳಬೇಡಿ. ನೆಟ್ಟ ಗಿಡವಾಗಿದ್ದರೆ ಹಾಗೆಂದು ಗುರುತು ಹಾಕಿ, ಅಪರೂಪದ ಗಿಡವಾದರೆ ಜಾಗವನ್ನು ಮರೆಮಾಡಿ. ಜಾತಿಯವರೆಗೆ ಹೋಗಲಾಗದಿದ್ದರೆ ಕುಲದ ಹೆಸರಿನಲ್ಲೇ ನಿಲ್ಲಿಸಿ. ‘ಸೈಪರಸ್, ಜಾತಿ ಗೊತ್ತಿಲ್ಲ, ಮಾದರಿ 34’ ಎಂಬ ಸಾಲು ಊಹೆಯ ಪೂರ್ಣ ಹೆಸರಿಗಿಂತ ಉಪಯೋಗದ್ದು.

ಮುಂದಿನ ವರ್ಷ ಅದೇ ಚೌಕಕ್ಕೆ ಮರಳುವುದು

ಬಯಲು ಹೇಗೆ ಬದಲಾಗುತ್ತಿದೆ ಎಂದು ನೋಡಬೇಕಾದರೆ ಕೆಲವು ಚೌಕಗಳನ್ನಾದರೂ ಶಾಶ್ವತ ಮಾಡಿ. ಫೋನಿನ ಜಿಪಿಎಸ್ ತೆರೆದ ಜಾಗದಲ್ಲೇ ಸುಮಾರು ಐದು ಮೀಟರ್ ಆಚೀಚೆ ತೋರಿಸುತ್ತದೆ, ಮರದಡಿ ಇನ್ನೂ ಹೆಚ್ಚು. ಒಂದು ಮೀಟರ್ ಚೌಕ ಹುಡುಕಲು ಅದು ಸಾಲದು. ಎದುರುಬದುರಿನ ಎರಡು ಮೂಲೆಗಳಲ್ಲಿ ಉದ್ದ ಕಬ್ಬಿಣದ ಮೊಳೆಯನ್ನು ತಲೆ ಮಣ್ಣಿನ ಮಟ್ಟಕ್ಕಿಂತ ಎರಡು ಸೆಂ.ಮೀ. ಕೆಳಗಿರುವಂತೆ ಹೊಡೆಯಿರಿ. ಮೇಲಿದ್ದರೆ ಕತ್ತರಿಸುವ ಯಂತ್ರಕ್ಕೆ ಸಿಗುತ್ತದೆ, ಇಲ್ಲವೇ ಯಾರದೋ ಕಾಲಿಗೆ. ಕದಲದ ಎರಡು ಗುರುತುಗಳಿಂದ, ಉದಾಹರಣೆಗೆ ದೀಪದ ಕಂಬ ಮತ್ತು ಗೋಡೆಯ ಮೂಲೆಯಿಂದ, ಒಂದೊಂದು ಮೊಳೆಗೂ ಟೇಪಿನಲ್ಲಿ ದೂರ ಅಳೆದು ಬರೆದಿಡಿ. ಮರದಿಂದ ಅಳೆಯಬೇಡಿ, ಅದು ದಪ್ಪವಾಗುತ್ತದೆ. ಮುಂದಿನ ವರ್ಷ ಎರಡು ಟೇಪುಗಳು ಕೂಡುವ ಜಾಗದಲ್ಲಿ ಚಾಕುವಿನ ತುದಿಯಿಂದ ಚುಚ್ಚುತ್ತಾ ಹೋದರೆ ಮೊಳೆ ತಾಗುತ್ತದೆ. ಸಿಗದಿದ್ದರೆ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ನೆಲ ಸವರುವಂತೆ ನಿಧಾನ ಆಡಿಸಿ. ಮೊಳೆಯ ಮೇಲೆ ಬಂದಾಗ ಅದು ತಡವರಿಸುವುದು ಕೈಗೆ ಗೊತ್ತಾಗುತ್ತದೆ.